ಸಹಾಯ ಬೇಕು: ಪಿತ್ತನಾಳದ ಸೋಂಕಿಗೆ ಆಂಟಿಬಯಾಟಿಕ್ ಬದಲಿಸಬಹುದಾ?

ಅಪ್ಪನಿಗೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಸೋಂಕಾಗಿತ್ತು. ಚಳಿಜ್ವರ, ಕಣ್ಣೆಲ್ಲ ಹಳದಿ. ಇಆರ್‌ಸಿಪಿ (ಬಾಯಿಯಿಂದ ಕೊಳವೆ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಮಾಡಿ ಕಲ್ಲು ತೆಗೆದು, ಪಿತ್ತ ಹರಿಯಲು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದ್ದಾರೆ. ಈಗ ಜ್ವರ ಇಳಿದಿದೆ.

ಮೊದಲಿನಿಂದ ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ ಎಂಬ ಆಂಟಿಬಯಾಟಿಕ್ ಕೊಡುತ್ತಿದ್ದಾರೆ, 8 ಗಂಟೆಗೊಮ್ಮೆ. ಡ್ರಿಪ್ ಹಾಕಿದ ಜಾಗ ಕೆಂಪಗೆ ಊದಿಕೊಂಡಿದೆ, ಮುಟ್ಟಿದರೆ ಕೈ ಎಳೆದುಕೊಳ್ಳುತ್ತಾರೆ. ರಕ್ತದ ಕಲ್ಚರ್‌ನಲ್ಲಿ (ಯಾವ ಬ್ಯಾಕ್ಟೀರಿಯಾ ಇದೆ ಎಂದು ಬೆಳೆಸಿ ನೋಡುವ ಪರೀಕ್ಷೆ) ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬಂದಿದೆ. ರಿಪೋರ್ಟಿನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಮುಂದೆ 'ಎಸ್' ಅಂತಿದೆ, ಅಂದರೆ ಅದು ಕೆಲಸ ಮಾಡುತ್ತದೆ. ಹಾಗಾಗಿ ನಾಳೆಯಿಂದ ದಿನಕ್ಕೊಂದು ಸಲ ಅದನ್ನೇ ಕೊಡೋಣ ಅಂದರು ಡಾಕ್ಟರ್.

ನಾನು ಓದಿದ ಪ್ರಕಾರ ಸೆಫ್ಟ್ರಿಯಾಕ್ಸೋನ್‌ಗೆ ಎಂಟರೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಆ ಔಷಧಿಯಿಂದ ಪಿತ್ತಕೋಶದಲ್ಲಿ ಗಸಿ ಕಟ್ಟುವುದೂ ಉಂಟು. ಕಲ್ಲಿನಿಂದಲೇ ಇಷ್ಟೆಲ್ಲ ಆಗಿರುವಾಗ ಭಯ ಆಗುತ್ತಲ್ವಾ? ಡಾಕ್ಟರನ್ನು ಕೇಳಿದೆ. ಕಲ್ಚರ್ ಬಂದ ಮೇಲೆ ಸುಮ್ನೆ ದೊಡ್ಡ (ಹಲವು ಬಗೆಯ ಬ್ಯಾಕ್ಟೀರಿಯಾ ಕೊಲ್ಲುವ) ಆಂಟಿಬಯಾಟಿಕ್ ಮುಂದುವರಿಸಬಾರದು ಅಂದರು. ಅದು ಸರಿ ಅಂತಲೇ ಅನಿಸುತ್ತದೆ. ರೌಂಡ್ಸ್ ಅವಸರದಲ್ಲಿ ಜಾಸ್ತಿ ಕೇಳಲು ಆಗಲಿಲ್ಲ.

ಗೊತ್ತಿರುವವರು ದಯವಿಟ್ಟು ಹೇಳಿ. ಸ್ಟೆಂಟ್ ಇರುವವರಿಗೆ ಕಲ್ಚರ್ ನೋಡಿ ಹೀಗೆ ಬದಲಿಸುವುದು ಮಾಮೂಲಾ? ಎಂಟರೋಕಾಕಸ್ ಮತ್ತು ಗಸಿಯ ವಿಷಯದಲ್ಲಿ ನಾಳೆ ಡಾಕ್ಟರ ಹತ್ತಿರ ಏನೇನು ಕೇಳಿ ಖಚಿತ ಮಾಡಿಕೊಳ್ಳಬೇಕು?