ಸೈನಸ್ ಆಪರೇಷನ್ ಆಗಿ ಐದು-ಹತ್ತು ವರ್ಷ ಕಳೆದವರು ಹೇಗಿದ್ದಾರೆ?

ಕಟ್ಟಿದಮೂಗು:
ಮೂಗಿನೊಳಗೆ ಎರಡೂ ಕಡೆ ಪಾಲಿಪ್ (ಮೆತ್ತನೆಯ ಗಂಟಿನಂಥ ಬೆಳವಣಿಗೆ) ಇದೆ. ಸ್ಪ್ರೇ, ಆ್ಯಂಟಿಬಯೋಟಿಕ್, ಸ್ಟೀರಾಯ್ಡ್ ಮಾತ್ರೆ ಎಲ್ಲ ಮುಗಿಯಿತು. ಮಾತ್ರೆ ತಗೊಂಡಷ್ಟು ದಿನ ವಾಸನೆ ಬರುತ್ತದೆ, ನಿಲ್ಲಿಸಿದರೆ ಮತ್ತೆ ಮಾಯ. ಈಗ ಡಾಕ್ಟರ್ ಎಂಡೋಸ್ಕೋಪಿ ಆಪರೇಷನ್ ಮಾಡಿಸಿ ಎನ್ನುತ್ತಿದ್ದಾರೆ. ಮಾಡಿಸಿದ ಹೊಸತರಲ್ಲಿ ಸೂಪರ್ ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ, ನನಗೆ ಬೇಕಿರುವುದು ಆಮೇಲಿನ ಕಥೆ. ಹೇಗಿದ್ದರೂ ಮತ್ತೆ ಬೆಳೆಯುತ್ತದೆ ಅಂದರೆ ಸುಮ್ನೆ ಯಾಕೆ ಮಾಡಿಸಬೇಕು ಅಲ್ವಾ?

ಇಎನ್‌ಟಿ_ಓಪಿಡಿ:
"ಮತ್ತೆ ಬೆಳೆಯುತ್ತದೆ" ಮತ್ತು "ಮತ್ತೆ ಮೊದಲಿನಷ್ಟೇ ಕಷ್ಟ" ಎರಡೂ ಒಂದೇ ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ಬೆಲ್ಜಿಯಂನಲ್ಲಿ ಪಾಲಿಪ್ ಆಪರೇಷನ್ ಆದವರನ್ನು 12 ವರ್ಷದ ನಂತರ ಕರೆಸಿ ನೋಡಿದರು. ಸಣ್ಣ ಗುಂಪು, 38 ಜನ ಅಷ್ಟೇ. ಸುಮಾರು 79% ಜನರಿಗೆ ಪಾಲಿಪ್ ವಾಪಸ್ ಬಂದಿತ್ತು, ಆದರೆ ಮತ್ತೆ ಆಪರೇಷನ್ ಆಗಿದ್ದು ಸುಮಾರು 37% ಜನರಿಗೆ, ಮತ್ತು ಒಟ್ಟಾರೆ ತೊಂದರೆ ಆಪರೇಷನ್‌ಗೆ ಮೊದಲು ಇದ್ದುದಕ್ಕಿಂತ ಕಡಿಮೆಯೇ ಇತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ದೊಡ್ಡ ಅಧ್ಯಯನದಲ್ಲಿ ಪಾಲಿಪ್ ಇದ್ದವರು, ಇಲ್ಲದವರು ಇಬ್ಬರೂ ಇದ್ದರು. ಅಲ್ಲಿ ಐದು ವರ್ಷದೊಳಗೆ ಮರು ಆಪರೇಷನ್ ಸುಮಾರು 19%. ಮೂಗು-ಸೈನಸ್ ತೊಂದರೆ ಅಳೆಯಲು ಸ್ನಾಟ್-22 ಎಂಬ 22 ಪ್ರಶ್ನೆಗಳ ಪಟ್ಟಿ ಇದೆ, ಗರಿಷ್ಠ 110 ಅಂಕ, ಜಾಸ್ತಿ ಬಂದಷ್ಟೂ ಕಷ್ಟ ಜಾಸ್ತಿ. ಅದೇ ಅಧ್ಯಯನದಲ್ಲಿ ಆಪರೇಷನ್‌ಗೆ ಮೊದಲು ಸರಾಸರಿ 42 ಇದ್ದದ್ದು ಐದು ವರ್ಷದ ಹೊತ್ತಿಗೆ 28ರ ಆಸುಪಾಸಿನಲ್ಲಿತ್ತು. ಅಂದರೆ ಸೊನ್ನೆ ಆಗಲಿಲ್ಲ, ಆದರೆ ವ್ಯತ್ಯಾಸ ರೋಗಿಗೇ ಗೊತ್ತಾಗುವಷ್ಟಿದೆ.

ಆಸ್ತಮಾ ಇದೆಯಾ? ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗಿದರೆ ಉಬ್ಬಸ ಬರುತ್ತದಾ? ಇವೆರಡೂ ಪಾಲಿಪ್ ಜೊತೆ ಸೇರಿದರೆ ಮರುಕಳಿಸುವುದು ತುಂಬಾ ಜಾಸ್ತಿ, ಮೊದಲೇ ಡಾಕ್ಟರ್ ಹತ್ತಿರ ಹೇಳಿಬಿಡಿ.

ಉಪ್ಪುನೀರು:
ನನಗೆ ಆಪರೇಷನ್ ಆಗಿ ವರ್ಷಗಳೇ ಆದವು. ಮೂಗು ಕಟ್ಟುವುದು, ಮುಖದ ಭಾರ ಹೋಯಿತು, ನಿದ್ದೆ ಬರುತ್ತದೆ. ವಾಸನೆ ಮಾತ್ರ ನಂಬಿಕಸ್ಥ ಅಲ್ಲ, ಬರುತ್ತದೆ, ಒಂದು ಜೋರು ನೆಗಡಿ ಆದರೆ ವಾರಗಟ್ಟಲೆ ಹೋಗುತ್ತದೆ.

ಯಾರೂ ಸರಿಯಾಗಿ ಹೇಳದೇ ಇರುವುದು ಆಪರೇಷನ್ ಆದ ಮೇಲೆ ಉಪ್ಪುನೀರಿನಿಂದ ಮೂಗು ತೊಳೆಯುವ ಕೆಲಸದ ಬಗ್ಗೆ. ಮೊದಮೊದಲು ಒಣಗಿದ ರಕ್ತ, ಹಕ್ಕಳೆ ಚೂರುಚೂರಾಗಿ ಬರುತ್ತವೆ, ಗಾಬರಿ ಆಗಬೇಡಿ. ಈಗ ದಾರಿ ದೊಡ್ಡದಾಗಿರುವುದರಿಂದ ನೀರು ಒಳಗಿನವರೆಗೂ ಹೋಗಿ ಕೂತುಬಿಡುತ್ತದೆ. ತೊಳೆದು ಅರ್ಧ ಗಂಟೆ ಆದ ಮೇಲೆ ಶೂ ಲೇಸ್ ಕಟ್ಟಲು ಬಗ್ಗಿದರೆ ಮೂಗಿನಿಂದ ಸುರ್ ಅಂತ ನೀರು! ಕುದಿಸಿ ಆರಿಸಿದ ನೀರನ್ನೇ ಬಳಸಿ, ನಲ್ಲಿ ನೀರು ನೇರವಾಗಿ ಬೇಡವೇ ಬೇಡ.

ಕಟ್ಟಿದಮೂಗು:
ಆಸ್ತಮಾ ಸ್ವಲ್ಪ ಇದೆ. ಆಸ್ಪಿರಿನ್ ತಗೊಂಡಿಲ್ಲ, ಗೊತ್ತಿಲ್ಲ. ಹಾಗಾದರೆ ಸ್ಪ್ರೇ ಜೀವನಪೂರ್ತಿನಾ?

ಇಎನ್‌ಟಿ_ಓಪಿಡಿ:
ಪಾಲಿಪ್ ಇದ್ದರೆ ಹೆಚ್ಚುಕಡಿಮೆ ಹೌದು. ಆಪರೇಷನ್ ತೆಗೆಯುವುದು ಅಡ್ಡಿಯನ್ನು, ಉರಿಯೂತದ ಸ್ವಭಾವವನ್ನಲ್ಲ. ಔಷಧ ಒಳಗೆ ತಲುಪಲು ದಾರಿ ಸಿಗುತ್ತದೆ, ಅರ್ಧ ಲಾಭ ಅದೇ. ಚೆನ್ನಾಗಿದೆ ಅಂತ ಸ್ಪ್ರೇ ಬಿಟ್ಟವರೇ ಬೇಗ ವಾಪಸ್ ಬರುವುದನ್ನು ನೋಡುತ್ತಿರುತ್ತೇನೆ. ಇಷ್ಟೆಲ್ಲ ಮಾಡಿಯೂ ಬೆಳೆದರೆ ಡುಪಿಲುಮ್ಯಾಬ್ ಥರದ ಇಂಜೆಕ್ಷನ್ ಇದೆ, ಅಮೆರಿಕದಲ್ಲಿ 2019ರಲ್ಲೇ ಪಾಲಿಪ್‌ಗೆ ಒಪ್ಪಿಗೆ ಸಿಕ್ಕಿತು, ದುಬಾರಿ. ಆಸ್ಪಿರಿನ್ ಅನ್ನು ಮನೆಯಲ್ಲಿ ನೀವೇ ನುಂಗಿ ಪರೀಕ್ಷೆ ಮಾಡಲು ಹೋಗಬೇಡಿ ಮಾತ್ರ.