ಕ್ಲಾಸಿಕ್ 350ಗೆ ಸ್ಪೀಕರ್, ಆಂಪ್ ಹಾಕಿಸಬೇಕು. ತೀರ್ಥಹಳ್ಳಿ ಮಳೆ ತಡೆಯೋದು ಯಾವುದು?

ತುಂಗಾತೀರದವ

ನನ್ನದು 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ಕೆಲಸ ಶಿವಮೊಗ್ಗದ ದುರ್ಗಿಗುಡಿ ಹತ್ತಿರ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟೋ ಹೊತ್ತಿಗೆ ತಾಳಮದ್ದಲೆಯ ಅರ್ಧ ಪ್ರಸಂಗ ಕೇಳಿ ಮುಗಿಸಬಹುದು, ಅದಕ್ಕೇ ಈ ಹುಚ್ಚು. ಈಗ ಹ್ಯಾಂಡಲ್‌ಗೆ ಕಟ್ಟಿರೋ ಬ್ಲೂಟೂತ್ ಡಬ್ಬಿಯಲ್ಲಿ ನಲವತ್ತರ ಸ್ಪೀಡ್ ದಾಟಿದ್ರೆ ಚೆಂಡೆ ಮಾತ್ರ ಕೇಳ್ತದೆ, ಅರ್ಥ ಹೇಳೋರ ಮಾತು ಗಾಳಿಗೆ ಹೋಗ್ತದೆ.

ನೋಡಿಟ್ಟಿರೋದು ಆನ್‌ಲೈನಿನ 300 ವ್ಯಾಟ್ ಆಂಪ್ (ಸದ್ದು ಏರಿಸೋ ಆಂಪ್ಲಿಫೈಯರ್), ಲೆಗ್ ಗಾರ್ಡ್‌ಗೆ ಕೂರೋ 4 ಇಂಚಿನ ಎರಡು ಸ್ಪೀಕರ್. ಬ್ಯಾಟರಿ ತಡೀತದಾ? ಜೂನ್‌ನಿಂದ ಸೆಪ್ಟೆಂಬರ್ ತನಕ ನೆನೆದ್ರೆ ಉಳೀತದಾ? ಒಂದು ಅಂಗಡಿಯವರು ಹೆಡ್‌ಲೈಟ್ ವೈರಿಂದಲೇ ಕರೆಂಟ್ ತಗೊಂಡ್ರೆ ಅರ್ಧ ಗಂಟೆ ಕೆಲಸ ಅಂದ್ರು. ಯಾಕೋ ಮನಸ್ಸು ಒಪ್ಪಲಿಲ್ಲ.

ಹಳೇ ಬ್ಯಾಟರಿ

ಒಪ್ಪದಿದ್ದದ್ದೇ ಒಳ್ಳೇದಾಯ್ತು ಮಾರಾಯ್ರೆ. ನಾನು ಆಟೋ ಎಲೆಕ್ಟ್ರಿಕ್ ಕೆಲಸದವನು. ಹೆಡ್‌ಲೈಟ್ ವೈರಿಗೆ ಜೋತುಬಿದ್ದ ಆಂಪ್‌ಗಳನ್ನ ಬಿಚ್ಚೋದೇ ಮಳೆಗಾಲದಲ್ಲಿ ನನಗೊಂದು ಕಸುಬು.

ಮೊದಲು ಆ 300 ವ್ಯಾಟ್ ಮರೆತುಬಿಡಿ. ಆಂಪ್ ಜೊತೆ ಬರೋ ಫ್ಯೂಸ್ ಎಷ್ಟರದ್ದು ಅಂತ ನೋಡಿ. 5 ಆಂಪಿಯರ್ ಫ್ಯೂಸ್ ಕೊಟ್ಟಿದ್ರೆ, ಗಾಡಿ ಓಡುವಾಗ 14 ವೋಲ್ಟ್ ಹಿಡಿದರೂ ಅದು ನಿರಂತರ ಎಳೆಯಬಹುದಾದದ್ದು 70 ವ್ಯಾಟ್. ಅದರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗ್ತದೆ. ಉಳಿದ 230 ವ್ಯಾಟ್ ಇರೋದು ಸ್ಟಿಕ್ಕರಿನಲ್ಲಿ. ಆರ್‌ಎಂಎಸ್ (ನಿರಂತರ ಕೊಡೋ ಪವರ್) ಅಂತ ಬರೆದಿರೋ ಅಂಕಿ ಒಂದನ್ನೇ ನಂಬಿ, ಕ್ಲಾಸ್ ಡಿ ಆಂಪ್ ಆದ್ರೆ ಒಳ್ಳೇದು, ಕರೆಂಟ್ ಕಡಿಮೆ ತಿನ್ನುತ್ತೆ. ಚಾನೆಲ್ಲಿಗೆ, ಅಂದ್ರೆ ಒಂದೊಂದು ಸ್ಪೀಕರಿಗೆ, 20 ವ್ಯಾಟ್ ಸಿಕ್ಕಿದ್ರೆ ಧಾರಾಳ.

ಪವರ್ ಎರಡರಷ್ಟು ಮಾಡಿದ್ರೂ ಸದ್ದು ಏರೋದು 3 ಡೆಸಿಬಲ್. ಅದೇ ಸ್ಪೀಕರನ್ನ ಕಿವಿಗೆ ಅರ್ಧ ದೂರಕ್ಕೆ ತಂದ್ರೆ ಹತ್ತಿರ ಹತ್ತಿರ 6 ಡೆಸಿಬಲ್ ಪುಕ್ಕಟೆ. ಹಾಗಾಗಿ ಲೆಗ್ ಗಾರ್ಡ್ ಬೇಡ. ಅಲ್ಲಿ ಕೆಸರೂ ಜಾಸ್ತಿ. ಹ್ಯಾಂಡಲ್ ಮೇಲೆ 3 ಇಂಚಿನದ್ದು ಎರಡು, ಮುಖಕ್ಕೆ ನೇರ ಮಾಡಿ. ಮುಂದೆ ಒಂದು ವಿಂಡ್‌ಶೀಲ್ಡ್ ಹಾಕಿ, ಗಾಳಿ ಕಮ್ಮಿ ಮಾಡೋದು ಆಂಪ್ ದೊಡ್ಡದು ಮಾಡಿದ್ದಕ್ಕಿಂತ ಲಾಭ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಟ್ಯಾಂಕಿಗೆ ತಾಗ್ತದಾ ನೋಡ್ಕೊಂಡೇ ಬೋಲ್ಟ್ ಬಿಗಿ ಮಾಡಿ.

ನಿಮಗೆ ಬೇಕಿರೋದು ಮಾತು. ಹಳೇ ಟೆಲಿಫೋನು 300ರಿಂದ 3400 ಹರ್ಟ್ಜ್ ಒಳಗೇ ಇಡೀ ದೇಶದ ಮಾತು ಸಾಗಿಸ್ತು. ಬುಲೆಟ್ಟಿನ ಗುಡುಗುಡು, ಗಾಳಿಯ ಹೊಡೆತ ಹೆಚ್ಚಿನಂಶ ಅದಕ್ಕಿಂತ ಕೆಳಗೆ. ಅಲ್ಲಿ ಬೇಸ್ ಏರಿಸಿ ಜಗಳ ಆಡಬೇಡಿ. ಆಂಪ್‌ನಲ್ಲಿ ಹೈ ಪಾಸ್ (ತಗ್ಗಿನ ಸದ್ದು ತಡೆಯೋ ಫಿಲ್ಟರ್) ಇದ್ರೆ 150 ಹರ್ಟ್ಜ್ ಆಸುಪಾಸು ಕಟ್ ಮಾಡಿ. ಸ್ಪೀಕರಿನ ಚಿಕ್ಕ ಕೋನ್ ಹರಿಯಲ್ಲ, ಅರ್ಥ ಹೇಳೋರ ಗಂಟಲೂ ಬಿಡಿಸಿ ಕೇಳ್ತದೆ.

ಬ್ಯಾಟರಿ ವಿಷಯ. ನಿಮ್ಮದು 8 ಆಂಪಿಯರ್ ಅವರ್‌ದು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೆಡ್‌ಲೈಟ್ ಆರಿಸೋ ಹಾಗಿಲ್ಲ, ಆ ಹೊರೆ ಇದ್ದದ್ದೇ. ಓಡುವಾಗ ತೊಂದರೆ ಬರಲಿಕ್ಕಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿ: ಆಂಪ್ ಪೂರ್ತಿ ಜೋರಿಟ್ಟು, ಸ್ವಲ್ಪ ರೇಸ್ ಕೊಟ್ಟಾಗ ಬ್ಯಾಟರಿ ತುದಿಯಲ್ಲಿ 13.5 ದಾಟಿದ್ರೆ ಸರಿ, 13ರ ಕೆಳಗೆ ನಿಂತ್ರೆ ಆಂಪ್ ಬ್ಯಾಟರಿಯನ್ನೇ ತಿಂತಿದೆ ಅಂತ. ಆಗುಂಬೆ ಸೂರ್ಯಾಸ್ತ ನೋಡ್ತಾ ಇಂಜಿನ್ ಆಫ್ ಮಾಡಿ ಒಂದು ಗಂಟೆ 3 ಆಂಪಿಯರ್ ಎಳೆದ್ರೆ ಬ್ಯಾಟರಿಯ ಮೂರನೇ ಒಂದಕ್ಕಿಂತ ಜಾಸ್ತಿ ಖಾಲಿ. ನಿಮ್ಮ ಮಾಡೆಲ್ಲಿಗೆ ಕಿಕ್ಕರೂ ಇಲ್ಲ, ಸ್ಟಾರ್ಟ್ ಆಗದಿದ್ರೆ ತಳ್ಳೋಕೆ ಜನ ಹುಡುಕಬೇಕು.

ವೈರಿಂಗ್: ಬ್ಯಾಟರಿ ಪ್ಲಸ್‌ನಿಂದ ನೇರ ವೈರ್, ಒಂದು ಗೇಣಿನೊಳಗೇ ಫ್ಯೂಸ್. ಅಲ್ಲಿಂದ ರಿಲೇಯ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಬಿಡೋ ಸ್ವಿಚ್ಚು) 30 ನಂಬರ್ ಪಿನ್ನಿಗೆ, 87ರಿಂದ ಆಂಪ್‌ಗೆ. 85 ಅರ್ಥ್‌ಗೆ. 86ಕ್ಕೆ ಮಾತ್ರ ಟೈಲ್ ಲೈಟ್ ವೈರಿಂದ ಸಿಗ್ನಲ್. ರಿಲೇ ಕಾಯಿಲ್ ಎಳೆಯೋದು ಕಾಲು ಆಂಪಿಯರ್‌ಗೂ ಕಮ್ಮಿ, ಕಂಪನಿ ವೈರಿಗೆ ಗೊತ್ತೂ ಆಗಲ್ಲ. ಕೀ ತೆಗೆದ್ರೆ ಆಂಪ್ ಸತ್ತಹಾಗೆ. ಆಂಪ್‌ನ ಅರ್ಥ್ ವೈರನ್ನ ಚಾಸಿಗೆ ಕಚ್ಚಬೇಡಿ, ಬ್ಯಾಟರಿ ಮೈನಸ್‌ಗೇ ತನ್ನಿ, ಇಲ್ಲಾಂದ್ರೆ ಎಕ್ಸಲೇಟರ್ ಜೊತೆ ಏರೋ ಕುಂಯ್ ಸದ್ದು ಸೇರ್ಕೊಳ್ಳಬಹುದು.

ಇನ್ನು ಮಳೆ. ವೈರ್ ಚುಚ್ಚಿ ಕೂರಿಸೋ ಕ್ಲಿಪ್ ನಮ್ಮೂರಿಗೆ ಆಗಿಬರಲ್ಲ. ಬಿಚ್ಚಿ ನೋಡಿದ್ರೆ ತಾಮ್ರ ಹಸಿರು ಕಿಲುಬು ಹಿಡಿದು, ಕೈಯಲ್ಲಿ ಮುಟ್ಟಿದ್ರೆ ಪುಡಿ ಉದುರ್ತದೆ. ಬೆಸುಗೆ ಹಾಕಿ, ಅಂಟು ಇರೋ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದ್ರೆ ಕುಗ್ಗಿ ಕೂರೋದು) ಎಳೀರಿ. ವೈರ್ ಜೋಡಿಸೋ ಕಪ್ಲರ್ ಬಾಯಿ ಕೆಳಮುಖ ಇರಲಿ. ಪೇಪರ್ ಕೋನ್ ಬೇಡ, ಪ್ಲಾಸ್ಟಿಕ್ ಕೋನ್ ತಗೊಳ್ಳಿ. ನೀರು ತಡೆಯೋ ದರ್ಜೆ ಐಪಿಎಕ್ಸ್7 ಅಂದ್ರೆ ಒಂದು ಮೀಟರ್ ನಿಂತ ನೀರಲ್ಲಿ ಅರ್ಧ ಗಂಟೆ ಅಷ್ಟೇ. ವಾಟರ್ ಸರ್ವಿಸ್‌ನವರ ಪೈಪಿಗೆ ಅದು ಗ್ಯಾರಂಟಿ ಅಲ್ಲ. ತೊಳೆಸುವಾಗ ಸ್ಪೀಕರಿಗೆ ಪ್ಲಾಸ್ಟಿಕ್ ಕಟ್ಟಿ.

ಸಾಗರದ ಸವಾರ

ಇಷ್ಟೆಲ್ಲ ರಾಮಾಯಣ ಯಾಕೆ? ಹೆಲ್ಮೆಟ್ ಒಳಗೆ ಕೂರೋ ಬ್ಲೂಟೂತ್ ಸ್ಪೀಕರ್ ಹಾಕಿ. ಗಾಡಿಯ ಒಂದು ವೈರೂ ಮುಟ್ಟೋದು ಬೇಡ, ಚಾರ್ಜ್ ಮನೇಲಿ. ವಾಲ್ಯೂಮ್ ಹಿಂದಿನ ಬಸ್ಸಿನ ಹಾರ್ನ್ ಕೇಳೋಷ್ಟಿರಲಿ.

ಗಾಜನೂರು ಅಕ್ಕ

ಸಾಗರದವರ ಮಾತಿಗೆ ನಂದೂ ಒಂದು ಓಟು, ನಮ್ಮ ಮನೆ ರಸ್ತೆ ಪಕ್ಕಕ್ಕೇ ಇದೆ. ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳನ್ನ ಕಾಡಿಂದ ಕರೆತಂದು ಸ್ನಾನ ಮಾಡಿಸೋ ಹೊತ್ತು. ಅಲ್ಲಿ ಚೆಂಡೆ ಬಡ್ಕೊಂಡು ಹೋಗೋರಿಗೆ ಮಾವುತರು ಏನಂತಾರೆ ಅಂತ ಇಲ್ಲಿ ಬರೆಯೋ ಹಾಗಿಲ್ಲ. ಹಾಕಿಸ್ಕೊಳ್ಳಿ, ಆದ್ರೆ ಕೈಗೆ ಸಿಗೋ ಕಡೆ ಒಂದು ಮ್ಯೂಟ್ ಬಟನ್ ಇರಲಿ.

ತುಂಗಾತೀರದವ

ಎಲ್ಲರಿಗೂ ಉಪಕಾರ ಆಯ್ತು. ಹೆಲ್ಮೆಟ್ ಸೆಟ್ಟು ಚಂದವೇ, ಆದ್ರೆ ಶನಿವಾರ ಹಿಂದೆ ಅಮ್ಮ ಕೂರ್ತಾರೆ. ನಿಜ ಹೇಳಬೇಕಂದ್ರೆ ತಾಳಮದ್ದಲೆ ಹುಚ್ಚು ಅವರದ್ದು, ನನಗೆ ಅಂಟಿದ್ದು. ಹಾಗಾಗಿ ಸ್ಪೀಕರೇ. 300 ವ್ಯಾಟಿನದ್ದು ಕೈಬಿಟ್ಟೆ. 3 ಇಂಚಿನದ್ದು ಎರಡು, ಚಿಕ್ಕ ಆಂಪ್, ರಿಲೇ, ವಿಂಡ್‌ಶೀಲ್ಡ್. ಅಕ್ಕ, ಮ್ಯೂಟ್ ಬಟನ್ ಹ್ಯಾಂಡಲ್ ಎಡಕ್ಕೆ ಖಂಡಿತ.

ಹಳೇ ಬ್ಯಾಟರಿಯವರೇ, ಇನ್ನೊಂದು. ಗಾಡಿ ನಿಲ್ಲೋದು ಕೊಟ್ಟಿಗೆ ಪಕ್ಕ, ಇಲಿ ಕಾಟ ವಿಪರೀತ. ಹೊಸ ವೈರ್ ಕಡಿದ್ರೆ?

ಹಳೇ ಬ್ಯಾಟರಿ

ಕಡಿಯದೆ ಬಿಡ್ತವಾ? ವೈರಿಗೆಲ್ಲ ಗೆರೆಗೆರೆ ಇರೋ ಪ್ಲಾಸ್ಟಿಕ್ ಪೈಪ್ ತೊಡಿಸಿ, ಆಂಪನ್ನ ಸೀಟಿನ ಕೆಳಗೆ ಇಡಬೇಡಿ, ಇಲಿಗೆ ಬೆಚ್ಚಗಿನ ಜಾಗ ಅದು. ಪಕ್ಕದ ಪೆಟ್ಟಿಗೆಯಲ್ಲಿ ಜಾಗ ಇದ್ಯಾ ನೋಡಿ. ಹಾಗೂ ಕಡಿದು ಶಾರ್ಟ್ ಆದ್ರೆ ಹೋಗೋದು ಬ್ಯಾಟರಿ ಪಕ್ಕದ ಫ್ಯೂಸು. ಟೂಲ್ ಕಿಟ್ಟಿನಲ್ಲಿ ಅಷ್ಟೇ ಆಂಪಿಯರ್‌ದು ಎರಡು ಇಟ್ಕೊಳ್ಳಿ, ಬೆಳ್ಳಿ ಕಾಗದ ಸುತ್ತೋ ಬುದ್ಧಿ ಮಾತ್ರ ಬೇಡ.