‘ಪಾಸ್ಚರ್’ ಮುರಿಯುವುದಕ್ಕೆ ‘ಕೆಚ್ಚು ಮುರಿಯಿತು’ ಎನ್ನಬಹುದೇ?

ನಮಸ್ಕಾರ. ‘ಸೆಕಿರೋ’ ಎಂಬ ವಿಡಿಯೋ ಗೇಮಿನ ಕಾದಾಟದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಾಸ್ (ಆಟದ ಬಲಶಾಲಿ ಎದುರಾಳಿ), ಪ್ಯಾರಿ (ಏಟು ತಿರುಗಿಸುವುದು) ಇಂಥವನ್ನೆಲ್ಲ ಹಾಗೇ ಉಳಿಸಿಕೊಂಡಿದ್ದೇನೆ. ಆಡುವವರ ಬಾಯಲ್ಲಿ ಇರುವುದೂ ಅವೇ. ನಾನು ತಡೆದು ನಿಂತದ್ದು ‘ಪಾಸ್ಚರ್’ ಎಂಬಲ್ಲಿ.

ಆಡದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫ್ರಮ್‌ಸಾಫ್ಟ್‌ವೇರ್ ಕಂಪನಿ 2019ರಲ್ಲಿ ತಂದ ಈ ಆಟದಲ್ಲಿ ಎದುರಾಳಿಗೆ ತೆರೆಯ ಮೇಲೆ ಏರಿಳಿಯುವ ಎರಡು ಪಟ್ಟಿಗಳಿವೆ: ಒಂದು ಜೀವದ್ದು, ಇನ್ನೊಂದು ಪಾಸ್ಚರ್‌ನದು. ನಾವು ಹೊಡೆದಾಗಲೂ ಈ ಎರಡನೆಯದು ಏರುತ್ತದೆ, ಅವನ ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಕತ್ತಿ ಒಡ್ಡಿದಾಗಲೂ ಏರುತ್ತದೆ. ತುಂಬಿತೋ, ಅವನು ತತ್ತರಿಸಿ ಮೈಬಿಟ್ಟು ನಿಲ್ಲುತ್ತಾನೆ. ಆಗ ಜೀವದ ಪಟ್ಟಿಯಲ್ಲಿ ಎಷ್ಟೇ ಉಳಿದಿರಲಿ, ಕೊಲ್ಲುವ ಏಟಿಗೆ ದಾರಿ ಸಿಕ್ಕಿತು. ದೊಡ್ಡ ಬಾಸ್‌ಗಳಿಗೆ ಇಂಥ ಏಟು ಒಂದು ಸಾಲದು. ನಾವು ಅಂಜಿ ದೂರ ಸರಿದರೆ ಪಟ್ಟಿ ಮತ್ತೆ ಇಳಿದುಬಿಡುತ್ತದೆ. ಅವನ ಜೀವ ಕುಂದಿದಷ್ಟೂ ಇಳಿಯುವುದು ನಿಧಾನವಾಗುತ್ತದೆ. ಗೆನಿಚಿರೋ ಎಂಬ ಬಾಸ್‌ನ ಎದುರು ಹಿಂದೆ ಹಿಂದೆ ಓಡುತ್ತಿದ್ದಷ್ಟು ದಿನ ನಾನು ಸೋಲುತ್ತಲೇ ಇದ್ದೆ. ಎದುರೇ ನಿಂತು ಅವನ ಒಂದೊಂದು ಏಟಿಗೂ ಕತ್ತಿ ಕೊಡಲು ಕಲಿತ ಮೇಲೆ ಆಟ ತೆರೆದುಕೊಂಡಿತು. ಈ ಕಾದಾಟದ ಜೀವಾಳವೇ ಈ ಪಟ್ಟಿ, ಅದಕ್ಕೆ ಸಪ್ಪೆ ಹೆಸರಿಡಲು ಮನಸ್ಸಿಲ್ಲ.

‘ಭಂಗಿ’ ಎಂದರೆ ಚಿತ್ರಕ್ಕೆ ನಿಂತಂತಾಯಿತು. ‘ನಿಲುವು’ ಈಗ ಅಭಿಪ್ರಾಯದ ಕಡೆಗೇ ವಾಲಿದೆ. ‘ಅವನ ನಿಲುವು ಮುರಿದೆ’ ಎಂದರೆ ವಾದದಲ್ಲಿ ಗೆದ್ದೆ ಎಂದು ಓದಿಕೊಳ್ಳುತ್ತಾರೆ. ‘ಸಮತೋಲ’ ತಪ್ಪಲ್ಲ, ಆದರೆ ಅದರಲ್ಲಿ ಬಲದ ಮಾತೇ ಇಲ್ಲ.

ಜಪಾನಿ ಮೂಲದಲ್ಲಿ ಇದರ ಹೆಸರು ‘ತೈಕನ್’. ತೈ ಎಂದರೆ ಮೈ, ಕನ್ ಎಂದರೆ ಮರದ ಕಾಂಡ. ಕೈಕಾಲು ಬಿಟ್ಟು ಉಳಿದ ನಡುಮೈ, ಅದರ ಗಟ್ಟಿತನ. ಇದನ್ನು ತಿಳಿದಾಗ ಥಟ್ಟನೆ ನೆನಪಾದದ್ದು ನಮ್ಮ ‘ಕೆಚ್ಚು’. ಅದೂ ಮರದಿಂದಲೇ ಬಂದ ಮಾತು: ಕಾಂಡದ ಒಳಗಿನ ಗಟ್ಟಿ ಭಾಗ. ಅಲ್ಲಿಂದ ಮನುಷ್ಯರ ಎದೆಗೆ ಹತ್ತಿ ಕೆಚ್ಚೆದೆಯಾಯಿತು. ಎರಡು ಭಾಷೆಗಳು ಗಟ್ಟಿಯಾಗಿ ನಿಲ್ಲುವುದನ್ನು ಹೇಳಲು ಮರದ ಹತ್ತಿರವೇ ಹೋಗಿರುವುದು ನನಗೆ ಬಹಳ ಹಿಡಿಸಿತು. ‘ಕೆಚ್ಚು ಮುರಿಯಿತು’ ಎಂದರೆ ಕೇಳುವುದಕ್ಕೂ ಏಟಿನ ಸದ್ದಿದೆ.

ಆದರೆ ಎರಡು ತೊಡಕು. ಇಂದು ಕೆಚ್ಚು ಎಂದರೆ ಮೊದಲು ಹೊಳೆಯುವುದು ಧೈರ್ಯ, ಹಟ. ಮೈಯ ಗಟ್ಟಿತನ ಆಮೇಲೆ. ಮರದ ಅರ್ಥದಲ್ಲೇ ಇರುವ ‘ಚೇಗು’ ಎಂಬ ಪದವೂ ಇದೆ, ಅದಕ್ಕೆ ಧೈರ್ಯದ ನೆರಳು ಅಷ್ಟಿಲ್ಲ, ಆದರೆ ಎಷ್ಟು ಓದುಗರಿಗೆ ಗೊತ್ತಾದೀತು? ಎರಡನೆಯ ತೊಡಕು ಇನ್ನೂ ದೊಡ್ಡದು. ಈ ಪಟ್ಟಿ ತುಂಬುತ್ತ ಹೋದಂತೆ ಎದುರಾಳಿ ಸೋಲಿಗೆ ಹತ್ತಿರವಾಗುತ್ತಾನೆ. ‘ಕೆಚ್ಚು ತುಂಬಿತು’ ಎಂದರೆ ಕನ್ನಡದಲ್ಲಿ ಪೂರಾ ಉಲ್ಟಾ ಅರ್ಥ! ಹಾಗಾದರೆ ತುಂಬುವುದಕ್ಕೆ ಬೇರೆ ಹೆಸರು ಬೇಕೇ? ‘ಏಟಿಗೆ ಜಗ್ಗಲಿಲ್ಲ’ ಎನ್ನುತ್ತೇವಲ್ಲ, ಆ ‘ಜಗ್ಗು’ ಹೊಂದೀತೇ? ಕೆಲವು ಕಡೆ ಜಗ್ಗು ಎಂದರೆ ಎಳೆಯುವುದು ಎಂಬ ಅರ್ಥವೇ ಮುಂದೆ ಬರುತ್ತದೆ, ಅದೊಂದು ಅಳುಕು.

ಅದೇ ಕಂಪನಿಯ 2011ರ ಆಟ ‘ಡಾರ್ಕ್ ಸೋಲ್ಸ್’ನ ‘ಪಾಯ್ಸ್’ಗೆ ಈ ತೊಂದರೆ ಇಲ್ಲ. ಅಲ್ಲಿ ಭಾರದ ಕವಚ ತೊಟ್ಟರೆ ಅದು ಹೆಚ್ಚುತ್ತದೆ, ಏಟು ಬಿದ್ದಂತೆ ಕರಗುತ್ತದೆ, ಮುಗಿದಾಗ ತತ್ತರಿಸುತ್ತೇವೆ. ಕೆಚ್ಚು ನೇರವಾಗಿ ಕೂರುತ್ತದೆ. ಅವರದೇ 2022ರ ‘ಎಲ್ಡನ್ ರಿಂಗ್’ನಲ್ಲಂತೂ ಬಾಸ್‌ನ ಈ ಲೆಕ್ಕ ಕಣ್ಣಿಗೇ ಕಾಣುವುದಿಲ್ಲ, ಪಟ್ಟಿಯ ಗೊಡವೆಯೇ ಇಲ್ಲ.

ಇನ್ನೊಂದು ಸಣ್ಣ ಸಂಗತಿ. ಸೆಕಿರೋದಲ್ಲಿ ಏಟನ್ನು ಸರಿಯಾದ ಗಳಿಗೆಗೆ ತಿರುಗಿಸುವುದಕ್ಕೆ ಜಪಾನಿಯಲ್ಲಿ ‘ಹಜಿಕಿ’. ‘ತಡೆ’ ಎಂದರೆ ಸುಮ್ಮನೆ ಅಡ್ಡ ಹಿಡಿದಂತೆ, ಅದು ಬೇರೆ. ‘ಚಿಮ್ಮಿಸು’ ಎಂದು ಬರೆದುಕೊಂಡಿದ್ದೇನೆ. ಕತ್ತಿವರಸೆ ಕಲಿತವರಿದ್ದರೆ, ನಿಮ್ಮಲ್ಲಿ ಇದಕ್ಕೆ ಏನೆನ್ನುತ್ತಾರೆ? ಕೆಚ್ಚು, ಚೇಗುಗಳಲ್ಲಿ ಯಾವುದನ್ನು ನಿಮ್ಮ ಮನೆಮಾತಿನಲ್ಲಿ ಮರಕ್ಕೆ ಈಗಲೂ ಬಳಸುತ್ತೀರಿ ಎಂಬುದನ್ನೂ ತಿಳಿಸಿ.